ವರ್ಮೀರ್ ನಕಲು: ಮುಖ ಸುಣ್ಣ ಬಳಿದ ಹಾಗೆ ಕಾಣುತ್ತಿದೆ

ಪ್ರಶ್ನೆ:
ಡಚ್ ಚಿತ್ರಕಾರ ವರ್ಮೀರ್‌ನ ‘ಮುತ್ತಿನ ಓಲೆಯ ಹುಡುಗಿ’ಯನ್ನು ಮೂಲದ ಅಳತೆಯಲ್ಲೇ (44.5 × 39 ಸೆಂ.ಮೀ.) ಆಯಿಲ್‌ನಲ್ಲಿ ನಕಲು ಮಾಡುತ್ತಿದ್ದೇನೆ. ಚೌಕ ಎಳೆದು ರೇಖೆ ಇಳಿಸಿ, ರಾ ಅಂಬರ್‌ನಲ್ಲಿ (ಕಂದು ಮಣ್ಣಿನ ಬಣ್ಣ) ನೆರಳು-ಬೆಳಕು ಮುಗಿಸಿದ್ದಾಗಿದೆ. ಅದರ ಮೇಲೆ ಟೈಟೇನಿಯಂ ವೈಟ್ ಬೆರೆಸಿದ ಮೈಬಣ್ಣ ಹಾಕಿದರೆ ಮುಖವೆಲ್ಲ ಸುಣ್ಣ. ನೆರಳಿನ ಭಾಗ ಒಣಗಿದ ಮೇಲೆ ಅಲ್ಲಲ್ಲಿ ಹೊಳಪು ಕಳೆದುಕೊಂಡು ಮಂಕಾಗಿದೆ. ಏನು ಮಾಡಲಿ?

ಉತ್ತರ 1:
ಸುಣ್ಣಕ್ಕೆ ಕಾರಣ ಬಿಳಿ. ಟೈಟೇನಿಯಂ ಬಹಳ ಜೋರು, ಜೊತೆಗೆ ತಣ್ಣನೆಯ ಬಣ್ಣ. ಬೆಳಕು ಬೇಕೆಂದಾಗಲೆಲ್ಲ ಅದನ್ನೇ ಸೇರಿಸಿದರೆ ಚರ್ಮದ ಕಾವು ಸತ್ತುಹೋಗುತ್ತದೆ. ವರ್ಮೀರ್ ಬಳಸಿದ್ದು ಲೆಡ್ ವೈಟ್, ಅಂದರೆ ಸೀಸದ ಬಿಳಿ. ಅದು ವಿಷ, ಕಲಿಕೆಗೆ ಬೇಡ. ಮೊದಲು ಮಧ್ಯಮ ಛಾಯೆ ಕಲಸಿಕೊಳ್ಳಿ: ಯೆಲ್ಲೋ ಓಕರ್ (ಮಣ್ಣಿನ ಹಳದಿ) ಸುಮಾರು 4 ಪಾಲು, ಕ್ಯಾಡ್ಮಿಯಂ ರೆಡ್ 1 ಪಾಲು, ಆಮೇಲೆ ಬಿಳಿ ಚೂರುಚೂರೇ. ನೆರಳಿಗೆ ಬಿಳಿ ಸೋಕಿಸಲೇಬೇಡಿ. ಅತಿ ಬೆಳಕನ್ನು ಕಣ್ಣು, ತುಟಿ, ಮುತ್ತಿನ ಚುಕ್ಕೆಗಳಿಗೆ ಉಳಿಸಿ. ಪ್ರಿಂಟ್ ಮೇಲೆ ಗಾಜು ಇಟ್ಟು, ಕಲಸಿದ ಬಣ್ಣವನ್ನು ಅದೇ ಜಾಗದ ಮೇಲೆ ಒಂದು ಗೀರು ಎಳೆದು ನೋಡಿ. ಗೀರು ಕಣ್ಣಿಗೆ ಹೊಡೆಯದಿದ್ದರೆ ಬಣ್ಣ ಸರಿ.

ಉತ್ತರ 2:
ಮಂಕಾದದ್ದು ಬಣ್ಣ ಕೆಟ್ಟದ್ದರಿಂದಲ್ಲ. ಕೆಳಗಿನ ಪದರ ಎಣ್ಣೆ ಹೀರಿಕೊಂಡಿದೆ. ಅಂಬರ್‌ಗೆ ಈ ಗುಣ ಜಾಸ್ತಿ, ಗೆಸ್ಸೋ (ಕ್ಯಾನ್ವಾಸ್‌ಗೆ ಮೊದಲು ಬಳಿಯುವ ತಳಪದರ) ಹೆಚ್ಚು ಹೀರುವಂತಿದ್ದರೆ ಅಥವಾ ಬಣ್ಣ ತೆಳು ಮಾಡುವ ಟರ್ಪೆಂಟೈನ್ ಹೆಚ್ಚಾದರೆ ಇನ್ನೂ ಜಾಸ್ತಿ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಲಿನ್ಸೀಡ್ (ಅಗಸೆ) ಎಣ್ಣೆ ಒಂದೆರಡು ಹನಿ ಬಟ್ಟೆಗೆ ಹಾಕಿ ಮಂಕಿನ ಜಾಗಕ್ಕೆ ತೆಳುವಾಗಿ ಸವರಿ, ಹೆಚ್ಚಿನದನ್ನು ಪೂರ್ತಿ ಒರೆಸಿ. ಉಳಿದರೆ ಅಂಟಂಟಾಗಿ ಮುಂದೆ ಹಳದಿಯಾಗುತ್ತದೆ. ಪ್ರತಿ ಮೇಲ್ಪದರದಲ್ಲೂ ಕೆಳಗಿನದಕ್ಕಿಂತ ಎಣ್ಣೆ ತುಸು ಹೆಚ್ಚಿರಲಿ; ತಿರುವುಮುರುವಾದರೆ ಬಿರುಕು ಬಿಡುತ್ತದೆ. ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಉತ್ತರ 3:
ಬಣ್ಣದ ಜೊತೆ ಅಂಚುಗಳನ್ನೂ ನೋಡಿ, ಈ ಚಿತ್ರ ಕಲಿಸುವುದೇ ಅದನ್ನು. ಮೂಗಿನ ದಿಂಡಿಗೂ ಬೆಳಕಿನ ಕಡೆಯ ಕೆನ್ನೆಗೂ ನಡುವೆ ಗೆರೆಯೇ ಇಲ್ಲ, ಎರಡೂ ಒಂದೇ ಬಣ್ಣದಲ್ಲಿ ಕರಗಿವೆ. ಅಲ್ಲಿ ಗೆರೆ ಎಳೆದರೆ ಮುಖ ಅಂಟಿಸಿದ ಹಾಗೆ ಕಾಣುತ್ತದೆ. ಮುತ್ತಿಗೂ ಸುತ್ತುಗೆರೆಯಿಲ್ಲ: ಮೇಲೆ ದಪ್ಪ ಬಿಳಿ ಚುಕ್ಕೆ, ಕೆಳಗೆ ಕಾಲರ್‌ನ ಮೆತ್ತನೆಯ ಪ್ರತಿಫಲನ, ಅಷ್ಟೇ. ಕಿವಿಗೆ ಸಿಕ್ಕಿಸುವ ಕೊಂಡಿಯನ್ನೂ ವರ್ಮೀರ್ ಬರೆದಿಲ್ಲ, ನೀವೂ ಸೇರಿಸಬೇಡಿ.

ಹಿನ್ನೆಲೆಗೆ ಬರೀ ಕಪ್ಪು ಬಳಿಯಬೇಡಿ. ಅದು ಮೂಲದಲ್ಲಿ ಇಂಡಿಗೋ (ನೀಲಿ) ಮತ್ತು ಹಳದಿ ಸಸ್ಯವರ್ಣ ಬೆರೆಸಿದ, ಕಪ್ಪಿನ ಮೇಲಿನ ಪಾರದರ್ಶಕ ಹಸಿರು, ಕಾಲಕ್ರಮೇಣ ಕೆಟ್ಟಿದೆ. ಕಪ್ಪು ಒಣಗಿದ ಮೇಲೆ ಹಸಿರಿನ ತೆಳು ಗ್ಲೇಜ್ (ಪಾರದರ್ಶಕ ಪದರ) ಕೊಟ್ಟರೆ ಮುಖ ಮುಂದಕ್ಕೆ ಬರುತ್ತದೆ. ಮೇಲಿನ ಎಡಮೂಲೆಯ ಸಹಿಯನ್ನು ಮಾತ್ರ ನಕಲಿಸಬೇಡಿ. ಕ್ಯಾನ್ವಾಸ್ ಹಿಂದೆ ನಿಮ್ಮ ಹೆಸರು, ‘ವರ್ಮೀರ್ ಕೃತಿಯ ನಕಲು’ ಎಂದು ಬರೆಯಿರಿ.