‘ಹಾರ್ಡ್‌ವುಡ್’ ಅಂದರೆ ಗಟ್ಟಿಮರವೇ? ‘ಕಾಡುಮರ’ ಅಂದರೆ ಯಾವ ಮರ?

ಬಲ್ಲವರೆಲ್ಲರಿಗೆ ನಮಸ್ಕಾರ.

ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಭಾನುವಾರ ಉಳಿ, ತೋಪಡ ಹಿಡಿಯುವ ಏಳೆಂಟು ಮಂದಿಯ ಗುಂಪು ನಮ್ಮದು, ಬೆಂಗಳೂರಿನಲ್ಲಿ. ಹೊಸದಾಗಿ ಸೇರಿದವರೆಲ್ಲ ಮೊದಲು ಕೇಳುವುದು ‘ಒಳ್ಳೆ ಮರ ಎಲ್ಲಿ ಸಿಗುತ್ತೆ?’ ಅಂತ. ಪ್ರತಿಸಲ ಬಾಯಲ್ಲಿ ಹೇಳಿ ಸಾಕಾಗಿ, ಎರಡು ಪುಟದ ಕೈಪಿಡಿ ಬರೆಯೋಣ ಅಂತ ಕೂತೆ. ‘ಹಾರ್ಡ್‌ವುಡ್ ಕೊಳ್ಳುವುದು ಹೇಗೆ’ ಅಂತ ತಲೆಬರಹ ಕೊಡಬೇಕಿತ್ತು. ಕನ್ನಡದಲ್ಲಿ ಏನು ಬರೆಯಲಿ? ಅಲ್ಲೇ ಸಿಕ್ಕಿಕೊಂಡವನು ಇನ್ನೂ ಹೊರಗೆ ಬಂದಿಲ್ಲ.

‘ಗಟ್ಟಿಮರ’ ಅಂತ ಸಲೀಸಾಗಿ ಬರೆದುಬಿಡಬಹುದು. ‘ಗಡಸುಮರ’ ಅಂತಲೂ ಆಗುತ್ತದೆ, ಗಡಸು ನೀರು ಅನ್ನುತ್ತೇವಲ್ಲ ಹಾಗೆ. ಆದರೆ ಇಂಗ್ಲಿಷಿನವರ ಹಾರ್ಡ್‌ವುಡ್‌ಗೂ ಮರದ ಗಟ್ಟಿತನಕ್ಕೂ ನೇರ ನಂಟಿಲ್ಲ. ಹೂ ಬಿಟ್ಟು ಕಾಯಾಗುವ, ಅಗಲ ಎಲೆಯ ಮರಗಳೆಲ್ಲ ಅವರ ಲೆಕ್ಕದಲ್ಲಿ ಹಾರ್ಡ್‌ವುಡ್. ಪೈನ್, ದೇವದಾರು ಥರದ ಸೂಜಿ ಎಲೆಯವು ಸಾಫ್ಟ್‌ವುಡ್. ಹಾಗಾಗಿ ಉಗುರಲ್ಲಿ ಒತ್ತಿದರೆ ಗುಳಿ ಬೀಳುವ ಬಾಲ್ಸಾ ಕೂಡ ಹಾರ್ಡ್‌ವುಡ್ಡೇ. ಬೆಂಕಿಕಡ್ಡಿಗೂ ಪ್ಲೈವುಡ್ಡಿಗೂ ಹೋಗುವ ನಮ್ಮ ಬೂರುಗವೂ ಅದೇ ಜಾತಿ. ‘ಬೂರುಗ ಒಂದು ಗಟ್ಟಿಮರ’ ಅಂತ ಕೈಪಿಡಿಯಲ್ಲಿ ಬರೆದರೆ ಯಾವ ಆಚಾರಿಯಾದರೂ ನಕ್ಕಾನು.

ಈ ಜೋಡಿಪದ ಹುಟ್ಟಿದ್ದು ಓಕೂ ಪೈನೂ ಅಕ್ಕಪಕ್ಕ ಬೆಳೆಯುವ ನಾಡುಗಳಲ್ಲಿ. ನಮ್ಮ ಕಾಡುಗಳಲ್ಲಿ ಸೂಜಿ ಎಲೆಯ ಮರ ಇಲ್ಲವೆನ್ನುವಷ್ಟು ಅಪರೂಪ. ಇಲ್ಲಿ ಬೆಳೆಯುವ ನಾಟ, ಅಂದರೆ ಕೆಲಸಕ್ಕೆ ಬರುವ ಮರ, ಹೆಚ್ಚುಕಮ್ಮಿ ಎಲ್ಲ ಹಾರ್ಡ್‌ವುಡ್ಡೇ ಆಗಿರುವಾಗ ಅದಕ್ಕೊಂದು ಬೇರೆ ಹೆಸರು ಯಾರಿಗೆ ಬೇಕಿತ್ತು? ನಾನೇ ಒಮ್ಮೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನ ಒಂದು ಸಾಮಿಲ್ಲಿಗೆ ಹೋಗಿ ‘ಹಾರ್ಡ್‌ವುಡ್ ಇದೆಯಾ?’ ಅಂದೆ. ಲೆಕ್ಕ ಬರೆಯುತ್ತಿದ್ದವರು ತಲೆಯೆತ್ತದೆ, ‘ಹಾರ್ಡ್‌ವೇರ್ ಎದುರುಗಡೆ ಸಾರ್’ ಅಂದರು.

ನಮ್ಮವರು ಗಟ್ಟಿತನ ನೋಡುವುದು ಮರದ ಒಳಗೆ. ಹೊರಗಿನ ಬಿಳಿ ಭಾಗ ಬಿಟ್ಟು ನಡುವಿನ ಬಣ್ಣ ತಿರುಗಿದ ಭಾಗಕ್ಕೆ ಚೇಗು ಅನ್ನುತ್ತಾರೆ, ಕೆಚ್ಚು ಅಂತಲೂ ಇದೆ. ಕೆಚ್ಚೆದೆ ಅನ್ನುವಾಗಿನ ಕೆಚ್ಚು ಇದೇ. ‘ಚೇಗು ಬಲಿತಿದೆಯಾ?’ ‘ಬಿಳಿ ಎಷ್ಟು ಹೋಗುತ್ತೆ?’ ಈ ಎರಡು ಪ್ರಶ್ನೆ ಕೇಳಿದರೆ ಸಾಕು, ಮಿಲ್ಲಿನವರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ. ಎಳೆಯ ತೇಗದಲ್ಲಿ ಬಿಳಿಯೇ ಹೆಚ್ಚು, ಗೆದ್ದಲಿಗೆ ಹಬ್ಬ. ಹಾಗಾಗಿ ತೇಗ ಅನ್ನುವ ಹೆಸರೊಂದನ್ನೇ ನಂಬಿ ದುಡ್ಡು ಕೊಟ್ಟರೆ ಕೆಟ್ಟಿರಿ. ಹಾರ್ಡ್‌ವುಡ್‌ಗೆ ‘ಚೇಗುಮರ’ ಅಂದರೆ ಹೇಗೆ ಅಂತ ಒಮ್ಮೆ ಹೊಳೆಯಿತು. ಆದರೆ ಪೈನಿಗೂ ಚೇಗಿರುತ್ತದೆ. ಅದನ್ನೂ ಕೈಬಿಟ್ಟೆ.

ಇನ್ನು ‘ಕಾಡುಮರ’. ಬೆಂಗಳೂರಿನ ಬಡಗಿಗಳ ಬಾಯಲ್ಲಿ ಇದು ‘ಜಂಗಲ್‌ವುಡ್’. ಬಾಗಿಲ ಚೌಕಟ್ಟಿಗೆ ದರ ಕೇಳಿ ನೋಡಿ, ಟೀಕಿಗೆ ಒಂದು, ಹೊನ್ನೆಗೆ ಒಂದು, ಮತ್ತಿಗೆ ಒಂದು ಹೇಳಿ ಕೊನೆಗೆ ‘ಜಂಗಲ್‌ವುಡ್ಡಾದ್ರೆ ಕಮ್ಮಿ ಆಗುತ್ತೆ’ ಅನ್ನುತ್ತಾರೆ. ಅದು ಯಾವ ಮರ ಅಂದರೆ ಉತ್ತರ ಬರುವುದಿಲ್ಲ, ಯಾಕೆಂದರೆ ಅದು ಮರದ ಹೆಸರೇ ಅಲ್ಲ, ದರದ ಹೆಸರು. ಹೆಸರಿಟ್ಟು ಮಾರುವಷ್ಟು ಬೆಲೆ ಬಾರದ್ದೆಲ್ಲ ಆ ರಾಶಿಗೆ. ತಮಾಷೆಯೆಂದರೆ ಕೆಲವೊಮ್ಮೆ ಒಳ್ಳೆಯ ನಂದಿಮರದ ಹಲಗೆ ಆ ರಾಶಿಯಲ್ಲೇ ಸಿಗುತ್ತದೆ. ನಮ್ಮ ಗುಂಪಿನ ಒಬ್ಬರು ಹಾಗೆ ಆಯ್ದ ನಂದಿಯಲ್ಲಿ ಪುಸ್ತಕದ ಕಪಾಟು ಮಾಡಿ ಐದು ವರ್ಷವಾಯಿತು, ಕದ ಒಂದು ನೂಲೂ ಸೊಟ್ಟಗಾಗಿಲ್ಲ. ಅದೇ ರಾಶಿಯಿಂದ ನಾನು ತಂದದ್ದು ಮೂರೇ ತಿಂಗಳಿಗೆ ಹಪ್ಪಳದ ಹಾಗೆ ಮಗುಚಿಕೊಂಡಿತು. ಅದು ಹಸಿಮರ. ಒಣಗಿ ಹದ ಬಂದಿದೆಯೇ ಅಂತ ನೋಡದೆ ತಂದದ್ದು ನನ್ನದೇ ತಪ್ಪು.

ಹೆಸರಿರುವ ಮರಗಳದ್ದಾದರೂ ಗೊಂದಲ ಇಲ್ಲವೇ ಅಂದರೆ, ಅಲ್ಲೇ ಹೆಚ್ಚು. ಚನ್ನಪಟ್ಟಣದ ಬೊಂಬೆಯಂಥದ್ದನ್ನು ಲೇತಿನಲ್ಲಿ ಕಡೆದು ನೋಡುವ ಆಸೆ ನನಗೆ. ಆ ಬೊಂಬೆಗಳ ಮರ ಹಾಲೆ, ಕೆಲವರ ಬಾಯಲ್ಲಿ ಆಲೆ. ಬೆಳ್ಳಗೆ, ನುಣ್ಣಗೆ, ಎಳೆ ಒತ್ತಾಗಿರುವ ಮರ. ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯಾ. ಪುತ್ತೂರು ಕಡೆಯ ನಮ್ಮ ಭಾವನಿಗೆ ಫೋನು ಮಾಡಿ, ‘ಅಲ್ಲಿ ಹಾಲೆ ಸಿಕ್ಕಿದರೆ ನಾಕು ತುಂಡು ಕೊಯ್ಯಿಸಿ ಕಳಿಸು’ ಅಂದೆ. ಪಾಪ, ಬಸ್ಸಿಗೆ ಹಾಕಿ ಕಳಿಸಿದ. ಬೆಳ್ಳಗೇನೋ ಇತ್ತು. ಲೇತಿಗೆ ಕೊಟ್ಟರೆ ನಾರು ನಾರಾಗಿ ಕಿತ್ತುಬಂತು. ಫೋನು ಮಾಡಿದರೆ ಭಾವ, ‘ಹಾಲೆ ಅಂದ್ರೆ ಹಾಲೆಯೇ ಅಲ್ವಾ ಮಾರಾಯ? ಆಟಿ ಅಮಾಸೆಗೆ ಕಷಾಯಕ್ಕೆ ಕೆತ್ತೆ ತೆಗೀತೇವಲ್ಲ, ಅದೇ’ ಅಂದ. ಕೆತ್ತೆ ಅಂದರೆ ತೊಗಟೆ. ಅವನು ಹೇಳಿದ ಮರ ತುಳುವಿನ ಪಾಲೆ, ಆಲ್‌ಸ್ಟೋನಿಯಾ ಸ್ಕೊಲಾರಿಸ್. ಮಕ್ಕಳ ಬರೆಯುವ ಹಲಗೆ ಮಾಡಲು ಬಳಸುತ್ತಿದ್ದುದರಿಂದ ಶಾಲೆಯ ನೆನಪಿನ ಆ ‘ಸ್ಕೊಲಾರಿಸ್’ ಅದಕ್ಕೆ ಅಂಟಿಕೊಂಡಿತು. ಎರಡೂ ಒಂದೇ ಕುಟುಂಬದ ಗಿಡಗಳು, ಕಚ್ಚು ಹಾಕಿದರೆ ಎರಡರಲ್ಲೂ ಹಾಲು ಸುರಿಯುತ್ತದೆ. ಹೆಸರು ಕೂಡಿಕೊಂಡದ್ದು ಆ ಹಾಲಿನಿಂದಲೇ ಇರಬೇಕು. ಭಾವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ತೇಗದ ಕತೆಯೂ ಹೀಗೇ. ಮಲೆನಾಡಿನಲ್ಲಿ ಅದು ‘ತ್ಯಾಗ’, ಉತ್ತರ ಕರ್ನಾಟಕದಲ್ಲಿ ‘ಸಾಗವಾನಿ’, ಬೆಂಗಳೂರಿನಲ್ಲಿ ‘ಟೀಕ್’. ಇಂಗ್ಲಿಷಿನ ಟೀಕ್ ಕೂಡ ಪೋರ್ಚುಗೀಸರ ಬಾಯಿಗೆ ಬಿದ್ದ ನಮ್ಮ ಮಲೆಯಾಳ ನೆಂಟರ ‘ತೇಕ್ಕು’ ತಾನೇ. ಆದರೆ ಅರಿಶಿನತೇಗ ತೇಗವಲ್ಲ, ಹೆದ್ದಿ. ಕಾಫಿ ತೋಟದ ಸಿಲ್ವರ್ ಓಕ್ ಓಕಲ್ಲ, ಆಸ್ಟ್ರೇಲಿಯಾದಿಂದ ಬಂದದ್ದು. ತೋಟದವರು ಓಕನ್ನು ಬಿಟ್ಟು ಬರೀ ‘ಸಿಲ್ವರ್’ ಅನ್ನುತ್ತಾರೆ, ಜಾಣರು. ಹೊಳೆಮತ್ತಿ ಬೇರೆ, ಮೊಸಳೆ ಬೆನ್ನಿನಂಥ ತೊಗಟೆಯ ಕರಿಮತ್ತಿ ಬೇರೆ. ಬರೀ ‘ಮತ್ತಿ’ ಅಂದರೆ ಯಾವುದು ಕೊಡುತ್ತಾರೋ ಅವರವರ ಪುಣ್ಯ. ಹೊನ್ನೆಯೊಂದು ಮೋಸ ಮಾಡುವುದಿಲ್ಲ. ಚಕ್ಕೆ ನೀರಿಗೆ ಹಾಕಿ ಬಿಸಿಲಿಗೆ ಹಿಡಿದರೆ ನೀಲಿ ಮಿಂಚು ಕಾಣುತ್ತದೆ.

ಮರ ಅನ್ನುವ ಮಾತೇ ಊರಿಂದ ಊರಿಗೆ ಜಾರುತ್ತದೆ. ಧಾರವಾಡದ ಗೆಳೆಯರು ‘ಸಾಗವಾನಿ ಕಟಗಿ’ ಅಂದಾಗ ನನಗೆ ಸಾಗವಾನಿಯನ್ನು ಒಲೆಗಿಡುತ್ತಾರೇನೋ ಅನ್ನಿಸಿತ್ತು, ನಮ್ಮ ಕಡೆ ಕಟ್ಟಿಗೆ ಅಂದರೆ ಉರಿಸುವುದು ಮಾತ್ರ. ಅಲ್ಲಿ ಕಟ್ಟಿಗೆ ಅಡ್ಡೆಗೆ ಹೋದರೆ ಮನೆ ಕಟ್ಟುವ ತೊಲೆಯೂ ಸಿಗುತ್ತದೆ. ನಮ್ಮಲ್ಲಿ ಉರಿಸುವುದಕ್ಕೆ ಸೌದೆ ಡಿಪೋ, ಕಟ್ಟುವುದಕ್ಕೆ ಟಿಂಬರ್ ಡಿಪೋ. ಕರಾವಳಿಯಲ್ಲಿ ಮರದ ಮಿಲ್ಲು. ಅರಣ್ಯ ಇಲಾಖೆಯವರದ್ದು ಇನ್ನೂ ಗಂಭೀರ: ‘ಸರ್ಕಾರಿ ನಾಟಾ ಸಂಗ್ರಹಾಲಯ’. ದಾಂಡೇಲಿಯಲ್ಲಿ ಈ ಹೆಸರು ಓದಿ ನನ್ನ ಮಗಳು ‘ಅಪ್ಪಾ, ಮ್ಯೂಸಿಯಂ ನೋಡೋಣ’ ಅಂದಳು. ಒಳಗಿದ್ದದ್ದು ಹರಾಜಿಗೆ ಪೇರಿಸಿದ ದಿಮ್ಮಿಗಳು. ಅದೂ ಹವ್ಯಾಸದವರಿಗೆ ನೋಡಿ ಬರುವ ಜಾಗವೇ ಹೊರತು ಕೊಳ್ಳುವ ಜಾಗವಲ್ಲ, ಹರಾಜಿಗೆ ಬರುವುದು ಇಡೀ ಲಾಟು. ನಮಗೆ ಬೇಕಾದ ಎರಡು ಹಲಗೆ ಯಾವ ಲೆಕ್ಕ?

ನಾಟ, ದಿಮ್ಮಿ ಇವುಗಳಿಗೂ ಗೆರೆ ಎಳೆಯಬೇಕಿದೆ. ದುಂಡಗಿನದ್ದು ದಿಮ್ಮಿ, ಕೊಯ್ದದ್ದು ಹಲಗೆ, ತೊಲೆ, ರೀಪು ಎಂಬಷ್ಟು ಸ್ಪಷ್ಟ. ನಾಟ ಮಾತ್ರ ಎರಡಕ್ಕೂ ಬಳಕೆಯಾಗುವುದನ್ನು ಕೇಳಿದ್ದೇನೆ. ಅಮೆರಿಕದವರ ‘ಲಂಬರ್’ ಅನ್ನುವುದಕ್ಕೆ ಕೈಪಿಡಿಯಲ್ಲಿ ಸುಮ್ಮನೆ ‘ಕೊಯ್ದ ಮರ’ ಅಂತ ಬರೆದಿದ್ದೇನೆ, ಅದಕ್ಕಿಂತ ಚೆಂದದ್ದು ಇದ್ದರೆ ಹೇಳಿ. ಈ ಗೆರೆ ದುಡ್ಡಿಗೂ ಸಂಬಂಧಪಟ್ಟದ್ದು. ಕೊಯ್ದ ಮರದಲ್ಲಿ 12 ಇಂಚು ಅಗಲ, 1 ಇಂಚು ದಪ್ಪ, 12 ಅಡಿ ಉದ್ದ ಅಂದರೆ ಒಂದು ಘನ ಅಡಿ, ತಕರಾರಿಲ್ಲ. ದಿಮ್ಮಿಗಾದರೆ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುತ್ತಾರೆ. 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ನಿಜವಾದ ಗಾತ್ರ ಸುಮಾರು 12.7. ಉಳಿದದ್ದು ಕೊಯ್ಯುವಾಗ ಹೋಗುವ ಹೊರಪದರಕ್ಕೂ ಹೊಟ್ಟಿಗೂ ಬಿಟ್ಟ ಪಾಲು ಅಂತ ತಿಳಿಯಬೇಕು. ಈ ಅಳತೆಗೆ ‘ಕಾಲು ಸುತ್ತಳತೆ’ ಅಂತ ಬರೆದಿದ್ದೇನೆ. ಹಳಬರ ಬಾಯಲ್ಲಿ ಬೇರೆ ಹೆಸರಿದ್ದರೆ ಅದನ್ನೇ ಹಾಕುವ ಆಸೆ.

ಇನ್ನೊಂದು ಪದ ರಹದಾರಿ. ರೈತರೊಬ್ಬರ ಹಿಡುವಳಿಯಲ್ಲಿ ಬಿದ್ದ ತೇಗವನ್ನೋ ಬೀಟೆಯನ್ನೋ ಅಗ್ಗಕ್ಕೆ ಸಿಗುತ್ತದೆ ಅಂತ ಗಾಡಿಗೆ ಹಾಕಿಕೊಂಡು ಹೊರಟರೆ ಅರಣ್ಯ ಇಲಾಖೆಯ ರಹದಾರಿ ಕೈಯಲ್ಲಿರಬೇಕು. ಪಾರಸಿಯ ‘ರಾಹ್’, ಅಂದರೆ ದಾರಿ, ಅದರಿಂದ ಬಂದ ಮಾತಿದು. ಹುಡುಗರಿಗೆ ಅರ್ಥವಾಗಲಿ ಅಂತ ‘ಸಾಗಣೆ ಪರವಾನಗಿ’ ಅಂತ ಬದಲಿಸಿದ್ದೆ. ಆಮೇಲೆ ತನಿಖಾ ಠಾಣೆಯಲ್ಲಿ ಕೇಳುವ ಮಾತನ್ನೇ ಕಲಿಸುವುದು ಮೇಲು ಅನ್ನಿಸಿ ಮತ್ತೆ ರಹದಾರಿಗೇ ಮರಳಿದೆ.

ಇಷ್ಟೆಲ್ಲ ಅಲೆದಮೇಲೆ ನನಗೆ ಅನ್ನಿಸಿರುವುದು ಹಾರ್ಡ್‌ವುಡ್‌ಗೆ ಪದ ಹೊಸೆಯುವುದೇ ಬೇಡ ಅಂತ. ತಲೆಬರಹ ‘ಮರ ಕೊಳ್ಳುವುದು ಹೇಗೆ’ ಅಂತಿರಲಿ. ಒಳಗೆ ಮರದ ಹೆಸರು ಹಿಡಿದು ಮಾತಾಡಿದರಾಯಿತು. ಗುಂಪಿನ ಕೆಲವರು ಒಪ್ಪುತ್ತಿಲ್ಲ. ಸಸ್ಯಶಾಸ್ತ್ರಕ್ಕಾದರೂ ಒಂದು ಪದ ಬೇಕಲ್ಲ ಅನ್ನುತ್ತಾರೆ. ಅವರ ಸಮಾಧಾನಕ್ಕೆ ‘ಅಗಲೆಲೆಯ ಮರ’ ಅಂದೆ, ‘ಬಾಳೆ ಗಿಡವೂ ಅಗಲೆಲೆಯದ್ದೇ’ ಅಂತ ತಿರುಗಿ ಬಂತು. ಬಲ್ಲವರು ಇದಕ್ಕೊಂದು ದಾರಿ ತೋರಿಸಬೇಕು.

ಅದಕ್ಕಿಂತ ಹೆಚ್ಚಾಗಿ ನನಗೆ ಬೇಕಿರುವುದು ನಿಮ್ಮ ನಿಮ್ಮ ಊರಿನ ಬಳಕೆ. ಹೊರಗಿನ ಬಿಳಿ ಭಾಗಕ್ಕೆ ನಿಮ್ಮಲ್ಲಿ ಬೇರೆ ಪದವಿದೆಯೇ? ಸಾಗರ, ಸೊರಬದ ಗುಡಿಗಾರರು ಕೆತ್ತುವ ಶಿವನೆ ಮರಕ್ಕೆ ಬಯಲುಸೀಮೆಯಲ್ಲಿ ಏನನ್ನುತ್ತಾರೆ? ಕೊಡಲಿ ಕಾವಿಗೆ ಬಳಸುವ ದಿಂಡಿಗ, ತಡಸಲು ಈಗಲೂ ಯಾವುದಾದರೂ ಮಿಲ್ಲಿನಲ್ಲಿ ಆ ಹೆಸರಿನಿಂದಲೇ ಸಿಗುತ್ತವೆಯೇ? ‘ಹಾಲೆ’ ಅಂದರೆ ನಿಮ್ಮ ಕಣ್ಣಿಗೆ ಬರುವ ಮರ ಯಾವುದು? ಊರಿನ ಹೆಸರು ಸೇರಿಸಿ ಬರೆಯಿರಿ, ಎಲೆಯೋ ತೊಗಟೆಯೋ ಹೇಗಿದೆ ಅಂತ ಒಂದು ಸಾಲು ಇದ್ದರಂತೂ ಉಪಕಾರ.

ಅಂದಹಾಗೆ ಭಾವ ಕಳಿಸಿದ ಪಾಲೆ ತುಂಡು ಇನ್ನೂ ಎರಡು ಉಳಿದಿವೆ. ಮಕ್ಕಳಿಗೆ ಬರೆಯುವ ಹಲಗೆ ಮಾಡಿಕೊಡುವ ಮನಸ್ಸಿದ್ದವರು ಬಂದು ಒಯ್ಯಬಹುದು.