ಬಸಿಯದೇ ಬಸ್ಸಾರು ಹೇಗಾಗುತ್ತೆ?

ಮನೆಯವರ ಗುಂಪು, ಭಾನುವಾರ

ಚಿಕ್ಕಪ್ಪ: [ವಿಡಿಯೊ: 10 ನಿಮಿಷದಲ್ಲಿ ಕುಕ್ಕರ್ ಬಸ್ಸಾರು]
ಎಷ್ಟು ಸುಲಭ ನೋಡಿ. ಬೇಳೆ, ಸೊಪ್ಪು, ಈರುಳ್ಳಿ, ಸಾರಿನ ಪುಡಿ ಎಲ್ಲ ಒಟ್ಟಿಗೆ ಹಾಕಿ 4 ಸೀಟಿ. ಮೇಲೊಂದು ಒಗ್ಗರಣೆ. ಮುಗೀತು.

ಅಕ್ಕ: ಚಿಕ್ಕಪ್ಪ, ಭಾನುವಾರವೂ ಜಗಳಕ್ಕೆ ರಜೆ ಇಲ್ವಾ?

ದೊಡ್ಡಮ್ಮ: ಇದು ಬಸ್ಸಾರಲ್ಲ. ಬಸಿದೇ ಇಲ್ಲ, ಬಸ್ಸಾರು ಹೇಗಾಗುತ್ತೆ?

ಚಿಕ್ಕಪ್ಪ: ಹೆಸರಲ್ಲೇನಿದೆ ಅತ್ತಿಗೆ, ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ.

ದೊಡ್ಡಮ್ಮ: ಹಾಗಾದರೆ ಮುದ್ದೆ, ಸಾರು, ಮಜ್ಜಿಗೆ ಮೂರನ್ನೂ ಮಿಕ್ಸಿಗೆ ಹಾಕಿ ಕುಡಿದುಬಿಡು.

ಧಾರವಾಡ ಅತ್ತಿಗೆ: ದೊಡ್ಡಮ್ಮ ಹೇಳೋದು ಖರೆ ಐತ್ರೀ. ನಮ್ಮ ಕಡೆ ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬಸಿದ ನೀರಿಂದಲೇ ಕಟ್ಟಿನ ಸಾರು ಮಾಡುತ್ತೇವೆ. ಅದರಲ್ಲಿ ಒಂಚೂರು ಹೂರಣ ಕದಡುತ್ತೇವೆ. ಆ ಕಟ್ಟು ಇಲ್ಲದಿದ್ದರೆ ಅದು ಸುಮ್ನೆ ಹುಳಿ ನೀರು.

ದೊಡ್ಡಮ್ಮ: ಹೂಂ ಕಣಮ್ಮ. ನಾವು ತೊಗರಿಬೇಳೆ ಕಟ್ಟಲ್ಲಿ ಒಬ್ಬಟ್ಟಿನ ಸಾರು ಮಾಡೋದೂ ಅದೇ ಲೆಕ್ಕ.

ಅಕ್ಕ: ಕಟ್ಟು ಅಂದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತೆ. ಮದುವೆಯಾದ ಹೊಸತರಲ್ಲಿ ಬೇಳೆ, ಸೊಪ್ಪು ಬೇಯಿಸಿ ಸಿಂಕಲ್ಲಿ ಜರಡಿ ಇಟ್ಟು ಬಸಿದೆ. ಕೆಳಗೆ ಪಾತ್ರೆ ಇಡಲಿಲ್ಲ. ಸಾರೆಲ್ಲ ಮೋರಿಗೆ ಹೋಯಿತು. ಅವತ್ತು ಬರೀ ಪಲ್ಯ ಮತ್ತು ಮುದ್ದೆ. ಅತ್ತೆ ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಭಯ ಆಗಿದ್ದು.

ತಮ್ಮ (ಮ್ಯೂನಿಕ್): ಈಗ ಎದ್ದೆ. 43 ಮೆಸೇಜಾ? ಯಾರಿಗೆ ಏನಾಯಿತು?

ನಾನು: ಯಾರಿಗೂ ಏನೂ ಆಗಿಲ್ಲ. ಬಸ್ಸಾರಿಗೆ ಆಗಿದೆ.

ತಮ್ಮ (ಮ್ಯೂನಿಕ್): ವಿಡಿಯೊ ನೋಡಿದೆ, ನನಗೇನೋ ಚೆನ್ನಾಗೇ ಕಾಣುತ್ತಿದೆ. ಮಸ್ಸೊಪ್ಪು, ಉಪ್ಸಾರು, ಬಸ್ಸಾರು ಅಂತ ಮೂರು ಹೆಸರು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ದೊಡ್ಡಮ್ಮ: [ಧ್ವನಿ ಸಂದೇಶ, 3 ನಿಮಿಷ 20 ಸೆಕೆಂಡ್]

ಚಿಕ್ಕಪ್ಪ: ಬಸ್ಸಲ್ಲಿದ್ದೇನೆ. ಯಾರಾದರೂ ಕೇಳಿ ಬರೆದು ಹಾಕಿ.

ನಾನು: ಬೈಗುಳ ಬಿಟ್ಟು ಬರೆಯುತ್ತೇನೆ. ಸೊಪ್ಪು, ಬೇಳೆ ಬೇಯಿಸಿ ಮಸೆದರೆ ಮಸ್ಸೊಪ್ಪು. ಬಸಿದ ಕಟ್ಟಿಗೆ ಉಪ್ಪು ಹಾಕಿ, ಖಾರವನ್ನು ಬೇರೆ ಅರೆದು ಪಕ್ಕದಲ್ಲಿಟ್ಟರೆ ಉಪ್ಸಾರು. ಬಸಿದ ಕಟ್ಟಿಗೆ ಮಸಾಲೆ ಅರೆದು ಹಾಕಿ ಕುದಿಸಿದರೆ ಬಸ್ಸಾರು.
ಒಂದು ಲೋಟ ತೊಗರಿಬೇಳೆಗೆ ಐದು ಲೋಟ ನೀರು, ತೆರೆದ ಪಾತ್ರೆ. ಕಾಳು ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕರಗಬಾರದು. ಆಮೇಲೆ ದಂಟಿನ ಸೊಪ್ಪು, ಉಪ್ಪು. ಬೆಂದ ಮೇಲೆ ಬಸಿಯಬೇಕು. ಎರಡು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಹುರಿದು, ಕಾಯಿತುರಿ, ಸಾರಿನ ಪುಡಿ, ಗೋಲಿ ಗಾತ್ರ ಹುಣಸೆಹಣ್ಣು. ಇಷ್ಟರ ಜೊತೆ ಬೆಂದ ಬೇಳೆ, ಸೊಪ್ಪು ಒಂದು ಹಿಡಿ ಹಾಕಿ ರುಬ್ಬಬೇಕು. ಸಾರಿಗೆ ಮೈ ಬರೋದು ಆ ಒಂದು ಹಿಡಿಯಿಂದ. ಉಳಿದದ್ದು ಒಗ್ಗರಣೆ ಪಲ್ಯಕ್ಕೆ.

ತಮ್ಮ (ಮ್ಯೂನಿಕ್): ಕುಕ್ಕರ್ ಬೇಡವೇ ಬೇಡವಾ? ಇಲ್ಲಿ ಮುಕ್ಕಾಲು ಗಂಟೆ ಒಲೆ ಮುಂದೆ ನಿಂತರೆ ಭಾನುವಾರವೇ ಮುಗಿಯಿತು.

ನಾನು: ನನ್ನ ಪ್ರಕಾರ ತಪ್ಪು ಕುಕ್ಕರಿನದ್ದಲ್ಲ. ಹುರುಳಿಕಾಳಾದರೆ ರಾತ್ರಿ ನೆನೆಸಿ ಕುಕ್ಕರಲ್ಲೇ ಬೇಯಿಸಬಹುದು, ಕಾಳು ಗಟ್ಟಿ, ಒಡೆಯಲ್ಲ. ತೊಗರಿಬೇಳೆ ಹಾಗಲ್ಲ. 4 ಸೀಟಿಗೆ ಪೂರ್ತಿ ಕರಗಿ ಹೋಗುತ್ತೆ. ಬಸಿಯೋದಕ್ಕೆ ಏನಿರುತ್ತೆ?

ದೊಡ್ಡಮ್ಮ: ಕಾಳಿಗಾದರೆ ಕುಕ್ಕರ್ ಆಗಬಹುದು. ಸೊಪ್ಪು ಮಾತ್ರ ಆಮೇಲೆ, ಮುಚ್ಚಳ ತೆಗೆದು.

ಅಕ್ಕ: ದೊಡ್ಡಮ್ಮ ಕುಕ್ಕರಿಗೆ ಒಪ್ಪಿದರು! ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಚಿಕ್ಕಪ್ಪ: ನೀವೆಲ್ಲ ಸೇರಿ ಮಾತಾಡಿ. ನಿಮ್ಮ ಚಿಕ್ಕಮ್ಮ ತವರಿಗೆ ಹೋಗಿ ನಾಲ್ಕು ದಿನ ಆಯಿತು. ಮೂರು ದಿನ ಹೋಟೆಲ್ ಇಡ್ಲಿ ತಿಂದೆ. ಅದಕ್ಕೇ ವಿಡಿಯೊ ಹುಡುಕಿದ್ದು. ಬೆಳಿಗ್ಗೆಯೇ ಮಾಡಿಟ್ಟು ಬಂದಿದ್ದೇನೆ.

ಚಿಕ್ಕಪ್ಪ: [ಫೋಟೊ]

(ಒಂದು ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ. ಫೋಟೊದಲ್ಲಿ ಸ್ಟೀಲ್ ಪಾತ್ರೆ, ಒಳಗೆ ಹಸಿರು ಬಣ್ಣದ ಗಂಜಿ, ಮೇಲೆ ಎರಡು ಕರಿದ ಮೆಣಸಿನಕಾಯಿ ನೆಟ್ಟಗೆ ನಿಂತಿವೆ.)

ದೊಡ್ಡಮ್ಮ: ಮೊದಲೇ ಹೇಳಬಾರದಿತ್ತಾ ಕಣಪ್ಪ. ಮಸ್ಸೊಪ್ಪು ಚೆನ್ನಾಗಿ ಬಂದಿದೆ. ಒಂದು ಲೋಟ ಬಿಸಿನೀರು ಹಾಕಿ ಇನ್ನೊಂದು ಕುದಿ ಬರಿಸು. ಅರ್ಧ ನಿಂಬೆಹಣ್ಣು ಹಿಂಡಿ ಅನ್ನಕ್ಕೆ ಕಲಸಿಕೊಂಡು ತಿನ್ನು. ನಾಳೆ ಇಲ್ಲಿಗೆ ಬಾ.

ಚಿಕ್ಕಪ್ಪ: ಬಸ್ಸಾರು ಮಾಡ್ತೀರಾ?

ದೊಡ್ಡಮ್ಮ: ನೀನೇ ಮಾಡು. ನಾನು ಕುರ್ಚಿ ಹಾಕಿಕೊಂಡು ನೋಡುತ್ತೇನೆ.

ತಮ್ಮ (ಮ್ಯೂನಿಕ್): [ಫೋಟೊ] ದಂಟು ಸಿಗಲಿಲ್ಲ, ಪಾಲಕ್ ಹಾಕಿದೆ. ಎರಡೇ ನಿಮಿಷ ಬೇಯಿಸಿದೆ. ಪಾಸ್ತಾ ಜರಡಿಯಲ್ಲಿ ಬಸಿಯುತ್ತಿದ್ದೇನೆ.

ಅಕ್ಕ: ಕೆಳಗೆ ಪಾತ್ರೆ?

ತಮ್ಮ (ಮ್ಯೂನಿಕ್): ಇದೆ ಅಕ್ಕ. ಐದು ಲೋಟ ನೀರು ಹಾಕಿದ್ದೆ, ಮೂರು ಲೋಟ ಕಟ್ಟು ಬಂತು. ಈರುಳ್ಳಿ ಹುರಿಯಲಾ?

ದೊಡ್ಡಮ್ಮ: ಹುರಿ. ಸೀಯಿಸಬೇಡ. ಫೋನ್ ಕೆಳಗಿಡು.