ಹಳೇ ಟ್ರ್ಯಾಕ್ಟರ್: ಪ್ಲಗ್ ಬುಡದಲ್ಲಿ ಆಯಿಲ್, ಎಲ್ಲಿಂದ ಬರ್ತಿದೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಸಿಲಿಂಡರ್‌ನ ಹಳೇ ಪೆಟ್ರೋಲ್ ಟ್ರ್ಯಾಕ್ಟರ್. ಅಪ್ಪ ಓಡಿಸುತ್ತಿದ್ದ ಗಾಡಿ, ಹೇಗಾದರೂ ಉಳಿಸಿಕೊಳ್ಳಬೇಕು.

ಎರಡನೇ ಮತ್ತು ಮೂರನೇ ಸ್ಪಾರ್ಕ್ ಪ್ಲಗ್ ಸುತ್ತ ಆಯಿಲ್ ನಿಲ್ಲುತ್ತಿದೆ. ಒರೆಸಿ ಅರ್ಧ ಗಂಟೆ ಓಡಿಸಿದರೆ ಮತ್ತೆ ಜಿನುಗಿರುತ್ತದೆ. ಮೂರನೆಯದರ ಬುಡದಲ್ಲಿ ಸಣ್ಣ ಗುಳ್ಳೆಗಳೂ ಏಳುತ್ತಿದ್ದವು. ಹೊಸ ವಾಷರ್ ಹಾಕಿದೆ. ಗುಳ್ಳೆ ನಿಂತಿತು, ಆಯಿಲ್ ನಿಲ್ಲಲಿಲ್ಲ.

ಪ್ಲಗ್ ಬಿಚ್ಚಿ ನೋಡಿದೆ. ಎರಡನೆಯದರ ತುದಿ ಒಣಗಿ ತಿಳಿ ಕಂದು ಬಣ್ಣಕ್ಕಿದೆ, ಹೊರಗಷ್ಟೇ ಆಯಿಲ್. ಅದು ಮೇಲಿನ ವಾಲ್ವ್ ಕವರ್ ಪ್ಯಾಕಿಂಗ್‌ನಿಂದ ಇಳಿದದ್ದು ಅನ್ನಿಸುತ್ತದೆ. ಆದರೆ ಮೂರನೆಯದರ ತುದಿಯೇ ಒದ್ದೆ, ಉಗುರಲ್ಲಿ ಕೆರೆದರೆ ಜಿಡ್ಡು ಮಸಿ ಬರುತ್ತದೆ. ನನಗೆ ಭಯ ಇರೋದು ಇದರದ್ದೇ. ಅಲ್ಲಿ ಕಂಪ್ರೆಷನ್ (ಸಿಲಿಂಡರ್ ಒಳಗೆ ಪಿಸ್ಟನ್ ಒತ್ತಿದಾಗ ಏರುವ ಒತ್ತಡ) ಕೂಡ ಕಡಿಮೆ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಚೆನ್ನಾಗಿ ಏರಿತು, ಪಿಸ್ಟನ್ ಸುತ್ತಲಿನ ರಿಂಗಿನ ಸಂದನ್ನು ಆ ಆಯಿಲ್ ಮುಚ್ಚಿರಬೇಕು. ಹಾಗಾದರೆ ವಾಲ್ವ್‌ಗಿಂತ ರಿಂಗ್ ಸವೆದಿರೋ ಸಾಧ್ಯತೆಯೇ ಜಾಸ್ತಿ ಅಲ್ವಾ?

ಬ್ರೀದರ್ (ಇಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ) ಕಟ್ಟಿಕೊಂಡರೂ ಒಳಗೆ ಒತ್ತಡ ಏರಿ ಪ್ಯಾಕಿಂಗ್‌ನಿಂದ ಆಯಿಲ್ ತಳ್ಳುತ್ತದೆ, ಅದನ್ನಿನ್ನೂ ತೆಗೆದು ನೋಡಿಲ್ಲ. ಮೊದಲು ಬ್ರೀದರ್ ತೊಳೆದು, ಪ್ಯಾಕಿಂಗ್ ಬದಲಿಸಿ ನೋಡಲಾ? ಇಲ್ಲ, ಸುಮ್ನೆ ಕಾಲ ಕಳೆಯದೆ ಹೆಡ್ ಬಿಚ್ಚಿಸಲಾ? ಇಂಥ ಇಂಜಿನ್ ಕೆಲಸ ಮಾಡಿದವರು ದಯವಿಟ್ಟು ಹೇಳಿ.